ಕಂಪನಿ ಪುಕ್ಕಟೆ ಡಿವೈಸ್ ಕೊಟ್ಟಿದೆ, ಪೇಪರ್‌ನಲ್ಲಿ "ಫಂಡಿಂಗ್ ಇಲ್ಲ" ಅಂತ ಹಾಕಬಹುದಾ? ಎಥಿಕ್ಸ್ ನಂಬರ್ ಬಗ್ಗೆನೂ ಒಂದು ಡೌಟು

ಸೆನ್ಸರ್_ಸುಸ್ತು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೈಕೋಬೇಡಿ. ಮಣಿಕಟ್ಟಿಗೆ ಕಟ್ಟೋ ಒಂದು ಬಿಪಿ ಡಿವೈಸ್ ಮೇಲೆ ನನ್ನ ಮೊದಲನೇ ಪೇಪರ್ ಇದು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬೋದು ಏನೂ ಇರಲ್ಲ, ಬೆಳಕಿನ ಸೆನ್ಸರ್‌ನಿಂದ ನಾಡಿ ಓದಿ ಬಿಪಿ ಲೆಕ್ಕ ಹಾಕುತ್ತೆ. ನಾವು ಮಾಡಿದ್ದು ಅದನ್ನ ಮಾಮೂಲಿ ಪಟ್ಟಿ ಮಷೀನ್ ಜೊತೆ ಹೋಲಿಸಿ ನೋಡೋದು, 34 ಜನರ ಮೇಲೆ.

ಜರ್ನಲ್‌ನವರು ಪೇಪರ್ ವಾಪಸ್ ಕಳಿಸಿದ್ದಾರೆ, ರಿಜೆಕ್ಟ್ ಅಲ್ಲ, ರಿವ್ಯೂಗೆ ಕಳಿಸೋಕೆ ಮುಂಚೆನೇ ಮೂರು ವಿಷಯ ಕೇಳಿದ್ದಾರೆ. ಫಂಡಿಂಗ್ ಯಾರದು, ಅವರ ಪಾತ್ರ ಏನು, ಲೇಖಕರಿಗೆ ಏನಾದ್ರೂ ಹಿತಾಸಕ್ತಿ ಇದ್ಯಾ, ಮತ್ತೆ ಎಥಿಕ್ಸ್ ಕಮಿಟಿ (ಮನುಷ್ಯರ ಮೇಲಿನ ಅಧ್ಯಯನ ಸರಿ ಇದ್ಯಾ ಅಂತ ನೋಡೋ ಸಮಿತಿ) ಅನುಮತಿ ನಂಬರ್ ಮತ್ತು ತಾರೀಖು.

ಈಗ ನಿಜ ಪರಿಸ್ಥಿತಿ ಹೇಳ್ತೀನಿ. ಕಂಪನಿ ನಮಗೆ ಒಂದು ರೂಪಾಯಿನೂ ಕೊಟ್ಟಿಲ್ಲ, ಆದ್ರೆ 6 ಡಿವೈಸ್ ಪುಕ್ಕಟೆ ಕೊಟ್ಟಿದ್ದಾರೆ, ಸಾಫ್ಟ್‌ವೇರ್ ಲೈಸೆನ್ಸ್ ಕೊಟ್ಟಿದ್ದಾರೆ, ಸೆನ್ಸರ್ ಡೇಟಾನ ಬಿಪಿ ನಂಬರ್ ಆಗಿ ಬದಲಾಯಿಸೋ ಕೆಲಸ ಅವರ ಇಂಜಿನಿಯರ್ ಒಬ್ರೇ ಮಾಡಿದ್ದು, ಅವರು ಪೇಪರ್‌ನಲ್ಲಿ ಮೂರನೇ ಲೇಖಕರು. ನಮ್ಮ ಗೈಡ್ ಹೋದ ವರ್ಷ ಆ ಕಂಪನಿ ಕರೆದ ಎರಡು ಕಾರ್ಯಕ್ರಮದಲ್ಲಿ ಮಾತಾಡಿದ್ರು, ಓಡಾಟದ ಖರ್ಚು ಅವರೇ ಹಾಕಿದ್ರು.

ಎಥಿಕ್ಸ್ ಅನುಮತಿ ಇದೆ. ಆದ್ರೆ ಅದನ್ನ ತಗೊಂಡಿದ್ದು "ಡಿವೈಸ್ ಬಳಸೋಕೆ ಸುಲಭವಾ" ಅನ್ನೋ ಪ್ರಶ್ನಾವಳಿಗೆ. ಆಮೇಲೆ ಗೈಡ್ ಹೇಗೂ ಜನ ಬಂದಿರ್ತಾರಲ್ಲ ಅಂತ ರೀಡಿಂಗ್ ತಗೊಳ್ಳೋದು, ಮೆಟ್ಟಿಲು ಹತ್ತಿಸಿ ಮತ್ತೆ ರೀಡಿಂಗ್ ತಗೊಳ್ಳೋದು ಸೇರಿಸಿದ್ರು. ಇನ್ನೊಂದು, ಮೊದಲ 9 ಜನ ನಮ್ಮ ಲ್ಯಾಬ್‌ನವರೇ, ಅವರ ರೀಡಿಂಗ್ ತಗೊಂಡಾಗ ಅನುಮತಿ ಪತ್ರ ಇನ್ನೂ ಬಂದಿರಲಿಲ್ಲ.

ಗೈಡ್ ಹೇಳ್ತಿರೋದು "ದುಡ್ಡು ಬಂದಿಲ್ಲ ಅಂದ್ಮೇಲೆ ಫಂಡಿಂಗ್ ಇಲ್ಲ, ಹಿತಾಸಕ್ತಿ ಇಲ್ಲ, ನಂಬರ್ ಇದೆ ಹಾಕು, ಮುಗೀತು". ನನಗ್ಯಾಕೋ ಸರಿ ಅನಿಸ್ತಿಲ್ಲ. ನಾನು ಸುಮ್ಮನೆ ತಲೆ ಕೆಡಿಸ್ಕೊಳ್ತಿದ್ದೀನಾ?

ಹಳೇ_ಕಮಿಟಿ:

ತಲೆ ಕೆಡಿಸ್ಕೊಂಡಿದ್ದು ಒಳ್ಳೇದೇ ಆಯ್ತಮ್ಮಾ/ಅಪ್ಪಾ (ಯಾರು ಅಂತ ಗೊತ್ತಿಲ್ಲ). ಎಥಿಕ್ಸ್ ಕಮಿಟಿಯಲ್ಲಿ ಆರು ವರ್ಷ ಕೂತಿದ್ದೀನಿ, ಹಾಗಾಗಿ ಆ ಭಾಗ ಮಾತ್ರ ಹೇಳ್ತೀನಿ, ಫಂಡಿಂಗ್ ವಿಷಯ ಬೇರೆಯವರು ಹೇಳ್ಲಿ.

ಅನುಮತಿ ಕೊಡೋದು ಒಂದು ಪ್ರೋಟೋಕಾಲ್‌ಗೆ, ಅಂದ್ರೆ ಯಾರ ಮೇಲೆ ಏನೇನು ಮಾಡ್ತೀವಿ ಅಂತ ಬರೆದುಕೊಟ್ಟ ಯೋಜನೆಗೆ. ನಿಮ್ಮ ಗೈಡ್‌ಗೂ ಅಲ್ಲ, ನಿಮ್ಮ ಲ್ಯಾಬ್‌ಗೂ ಅಲ್ಲ, ಆ ಡಿವೈಸ್‌ಗೂ ಅಲ್ಲ. ಪ್ರಶ್ನಾವಳಿ ತುಂಬಿಸೋದಕ್ಕೂ ಬಿಪಿ ಇರೋ ಮನುಷ್ಯನನ್ನ ಮೆಟ್ಟಿಲು ಹತ್ತಿಸೋದಕ್ಕೂ ಅಪಾಯ ಒಂದೇನಾ? ಕಮಿಟಿ ಮುಂದೆ ಇದು ಬಂದಿದ್ರೆ ನಾವು ಮೊದಲು ಕೇಳ್ತಿದ್ದಿದ್ದೇ ಹತ್ತುವಾಗ ತಲೆ ಸುತ್ತಿದ್ರೆ ಪಕ್ಕದಲ್ಲಿ ಯಾರಿರ್ತಾರೆ, ರೀಡಿಂಗ್ ತುಂಬಾ ಜಾಸ್ತಿ ಬಂದ್ರೆ ಅವರಿಗೆ ಹೇಳ್ತೀರಾ ಇಲ್ವಾ, ಹೇಳೋದಾದ್ರೆ ಯಾರು ಹೇಳ್ತಾರೆ ಅಂತ. ಆ ಪ್ರಶ್ನೆಗಳನ್ನ ಯಾರೂ ಕೇಳೇ ಇಲ್ಲ ಅನ್ನೋದೇ ಇಲ್ಲಿ ಸಮಸ್ಯೆ, ನಂಬರ್ ಇದ್ಯೋ ಇಲ್ವೋ ಅನ್ನೋದಲ್ಲ.

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಅಂತ ಇರೋ ಅಂತರರಾಷ್ಟ್ರೀಯ ನೀತಿ, ಹೆಲ್ಸಿಂಕಿ ಘೋಷಣೆ, 1964ರದ್ದು, 1975ರಲ್ಲಿ ಸ್ವತಂತ್ರ ಕಮಿಟಿ ನೋಡಬೇಕು ಅನ್ನೋದು ಸೇರಿತು, ಆಮೇಲೆ ಬಹಳ ಸಲ ತಿದ್ದಿದ್ದಾರೆ, ಕೊನೇದು 2024ರಲ್ಲಿ. ಅದರಲ್ಲಿ ಎರಡು ಮಾತು ಸ್ಪಷ್ಟ ಇದೆ. ಅಧ್ಯಯನ ಶುರುವಾಗೋಕೆ ಮುಂಚೆ ಅನುಮತಿ ಬೇಕು, ಮತ್ತೆ ಪ್ರೋಟೋಕಾಲ್ ಬದಲಾಯಿಸಿದ್ರೆ ಮತ್ತೆ ಕಮಿಟಿಗೆ ಹೋಗ್ಬೇಕು. ಅಂದ್ರೆ ನೀವು ಎರಡೂ ಕಡೆ ಸಿಕ್ಕಿಹಾಕ್ಕೊಂಡಿದ್ದೀರಿ.

ಒಂದೇ ನಂಬರ್‌ನ ಎಲ್ಲದಕ್ಕೂ ಅಂಟಿಸೋದು ಸಣ್ಣ ವಿಷಯ ಅಂದ್ಕೋಬೇಡಿ. ಫ್ರಾನ್ಸ್‌ನ ಮಾರ್ಸೇನಲ್ಲಿ ಒಂದು ದೊಡ್ಡ ಸಾಂಕ್ರಾಮಿಕ ರೋಗ ಸಂಸ್ಥೆ ಇದೆ, ಅಲ್ಲಿಂದ ಬಂದ ಪೇಪರ್‌ಗಳನ್ನ 2023ರಲ್ಲಿ ಕೆಲವರು ಕೂತು ಪರಿಶೀಲನೆ ಮಾಡಿದಾಗ 248 ಅಧ್ಯಯನಗಳಲ್ಲಿ ಒಂದೇ ಅನುಮತಿ ನಂಬರ್ ಸಿಕ್ತು. ಒಂದು ಟಿಕೆಟ್ ತೋರಿಸಿ ಇಡೀ ಬಸ್ಸಿನ ಜನ ಇಳಿದು ಹೋದ ಹಾಗೆ. ಆಮೇಲೆ ಅಲ್ಲಿನ ಪೇಪರ್‌ಗಳು ಒಂದೊಂದಾಗಿ ವಾಪಸ್ ಆಗೋಕೆ, ಅಂದ್ರೆ ಪ್ರಕಟ ಆದ್ಮೇಲೂ ಜರ್ನಲ್‌ನವರೇ ರದ್ದು ಮಾಡೋಕೆ, ಶುರುವಾಯ್ತು.

ಮಾಡೋದೇನು ಅಂದ್ರೆ, ಕಮಿಟಿಗೆ ಈಗಲೇ ಪತ್ರ ಬರೀರಿ. ಹಿಂದಿನ ತಾರೀಖಿಗೆ ಅನುಮತಿ ಕೊಡಿ ಅಂತ ಕೇಳ್ಬೇಡಿ, ಯಾವ ಕಮಿಟಿನೂ ಕೊಡಲ್ಲ, ಕೊಟ್ರೆ ಅದು ಕಮಿಟಿನೇ ಅಲ್ಲ. ಬದಲಿಗೆ ಹೀಗೆ ಪ್ರೋಟೋಕಾಲ್ ಮೀರಿದ್ದೀವಿ, ಇಷ್ಟು ಜನ, ಈ ತಾರೀಖುಗಳಲ್ಲಿ, ಯಾರಿಗೂ ತೊಂದರೆ ಆಗಿಲ್ಲ ಅಥವಾ ಆಗಿದೆ, ಈ ಡೇಟಾ ಏನು ಮಾಡೋಣ ಅಂತ ಕೇಳಿ. ಉತ್ತರ ಬರೋ ತನಕ ಪೇಪರ್ ತಡೆದಿಟ್ಕೊಳ್ಳಿ. ಮೊದಲ 9 ಜನರ ಡೇಟಾ ನನ್ನ ಪ್ರಕಾರ ಹೋಯ್ತು ಅಂದ್ಕೊಂಡೇ ಕೂತ್ಕೊಳ್ಳಿ.

ಲ್ಯಾಬ್‌ನವರೇ ಅಲ್ವಾ ಅಂತ ನಿಮ್ಮ ಗೈಡ್ ಹೇಳಿರ್ತಾರೆ. ಗೈಡ್ ಕೇಳಿದಾಗ "ಇಲ್ಲ ನಾನು ಕೈ ಕೊಡಲ್ಲ" ಅನ್ನೋ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗಿದೆ? ಅದಕ್ಕೇ ಲ್ಯಾಬ್‌ನವರ ವಿಷಯದಲ್ಲಿ ಕಮಿಟಿಗಳು ಇನ್ನೂ ಜಾಸ್ತಿ ಕೆದಕೋದು.

ನಡೀಲಿ_ಬಿಡಿ:

ಇಷ್ಟೆಲ್ಲ ಬೇಕಾ ಗುರೂ. ಒಂದು ವಾಚ್ ಕಟ್ಟಿ ನಂಬರ್ ಬರ್ಕೊಂಡಿದ್ದಾರೆ, ಹೊಟ್ಟೆ ಕೊಯ್ದಿಲ್ಲ. ಎಲ್ಲರೂ ಹೀಗೇ ಮಾಡೋದು, ಫಂಡಿಂಗ್ ಇಲ್ಲ ಅಂತ ಹಾಕಿ ಕಳಿಸ್ತಾರೆ, ಯಾರೂ ಚೆಕ್ ಮಾಡಲ್ಲ. ಕಂಪನಿ ಹೆಸರು ಬರೆದ್ರೆ ರಿವ್ಯೂವರ್ ಮೊದಲನೇ ಲೈನಲ್ಲೇ ಮೂಗು ಮುರೀತಾನೆ, ಪಾಪ ಮೊದಲನೇ ಪೇಪರ್ ಅಂತೆ, ಯಾಕೆ ಹಾಳು ಮಾಡ್ತೀರಾ.

ಪಿ_ವ್ಯಾಲ್ಯೂ_ಪುಟ್ಟ:

@ನಡೀಲಿ_ಬಿಡಿ ಯಾರೂ ಚೆಕ್ ಮಾಡಲ್ಲ ಅನ್ನೋದು ಹಳೇ ಕಾಲದ ಮಾತು. ಅಮೆರಿಕದಲ್ಲಿ 2010ರ ಸನ್‌ಶೈನ್ ಕಾಯ್ದೆ ಬಂದ್ಮೇಲೆ ಡಿವೈಸ್ ಕಂಪನಿಗಳು ಯಾವ ಡಾಕ್ಟರ್‌ಗೆ ಎಷ್ಟು ಕೊಟ್ವು ಅಂತ ಸರ್ಕಾರಕ್ಕೆ ವರದಿ ಕೊಡ್ಬೇಕು, 2014ರಿಂದ ಅದು ವೆಬ್‌ಸೈಟ್‌ನಲ್ಲಿ ಯಾರು ಬೇಕಾದ್ರೂ ನೋಡೋ ಹಾಗಿದೆ. ಒಂದು ಊಟ ಹಾಕ್ಸಿದ್ರೂ ಲೆಕ್ಕದಲ್ಲಿ ಇರುತ್ತೆ. ಅದನ್ನ ಪೇಪರ್‌ಗಳ ಪಕ್ಕದಲ್ಲಿಟ್ಟು ನೋಡೋರೂ ಇದ್ದಾರೆ. ದೊಡ್ಡ ಡಿವೈಸ್ ಕಂಪನಿಗಳಿಂದ ಅತಿ ಹೆಚ್ಚು ದುಡ್ಡು ಪಡೆದ 100 ಡಾಕ್ಟರ್‌ಗಳ ಪೇಪರ್ ಹಿಡ್ಕೊಂಡು 2018ರಲ್ಲಿ ಜಾಮಾ ಸರ್ಜರಿ ಅನ್ನೋ ಜರ್ನಲ್‌ನಲ್ಲಿ ಒಂದು ಲೆಕ್ಕ ಬಂತು, ಸಂಬಂಧ ಇರೋ ಪೇಪರ್‌ಗಳಲ್ಲಿ ಸುಮಾರು 37% ಮಾತ್ರ ಅದನ್ನ ಹೇಳಿಕೊಂಡಿದ್ವು. ಹೌದು, ನಿಮ್ಮ "ಎಲ್ಲರೂ ಹೀಗೇ" ಅನ್ನೋದು ಅರ್ಧ ನಿಜಾನೇ, ಆದ್ರೆ ಆ ಲೆಕ್ಕ ಹೊರಗೆ ಬಂದಿದ್ದೂ ಅಷ್ಟೇ ನಿಜ.

ಈಗ ಪ್ರಶ್ನೆ ಕೇಳಿದವರಿಗೆ. ದುಡ್ಡು ಅನ್ನೋ ಪದದ ಮೇಲೆ ಎಲ್ಲರ ಗಮನ ಇದೆ, ನನಗೆ ಭಯ ಆಗಿದ್ದು ಇನ್ನೊಂದು ಸಾಲು ಓದಿ. ಸೆನ್ಸರ್ ಡೇಟಾನ ಬಿಪಿ ನಂಬರ್ ಮಾಡಿದ್ದು ಕಂಪನಿ ಇಂಜಿನಿಯರ್ "ಒಬ್ರೇ" ಅಂದ್ರಲ್ಲ, ಅವರಿಗೆ ಆ ಟೈಮಲ್ಲಿ ಪಟ್ಟಿ ಮಷೀನ್ ರೀಡಿಂಗ್ ಕಾಣಿಸ್ತಿತ್ತಾ? "ಸಿಗ್ನಲ್ ಚೆನ್ನಾಗಿಲ್ಲ" ಅಂತ ಎಷ್ಟು ರೀಡಿಂಗ್ ಬಿಸಾಕಿದ್ರು, ಯಾವ ನಿಯಮದ ಮೇಲೆ, ಮುಂಚೆನೇ ಬರೆದಿಟ್ಟ ನಿಯಮವಾ ಆಮೇಲೆ ಹುಟ್ಟಿದ್ದಾ? ಬಿಪಿ ಡಿವೈಸ್‌ನಲ್ಲಿ ಆಟ ಎಲ್ಲ ಅಲ್ಲೇ ಇರೋದು. ಪಟ್ಟಿ ಇರೋ ಮಾಮೂಲಿ ಮಷೀನ್‌ಗಳ ಮಾನದಂಡದಲ್ಲಿ ಕನಿಷ್ಠ 85 ಜನ ಬೇಕು, ಸರಾಸರಿ ವ್ಯತ್ಯಾಸ 5 ಎಂಎಂ ಒಳಗೆ ಇರ್ಬೇಕು, ಸ್ಟ್ಯಾಂಡರ್ಡ್ ಡೀವಿಯೇಷನ್ (ವ್ಯತ್ಯಾಸ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) 8 ಒಳಗೆ ಇರ್ಬೇಕು. ಕೆಟ್ಟ ರೀಡಿಂಗ್ ಒಂದಿಷ್ಟು ತೆಗೆದ್ರೆ ಆ 8 ಆರಾಮಾಗಿ ಕೆಳಗೆ ಬರುತ್ತೆ, ಯಾರೂ ಒಂದು ನಂಬರನ್ನೂ ಸುಳ್ಳು ಬರೀಬೇಕಿಲ್ಲ. (34 ಜನ ಇಟ್ಕೊಂಡು "ನಿಖರ" ಅಂತ ಟೈಟಲ್ ಕೊಟ್ಟಿದ್ರೆ ದಯವಿಟ್ಟು ತೆಗೀರಿ, ಅದು ಬೇರೆ ಜಗಳ.)

ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಹಾಕಿ ತೂಗಿ ನೋಡೋ ಸಂಸ್ಥೆ ಕೊಕ್ರೇನ್‌ನವರು 2017ರಲ್ಲಿ ಔಷಧಿ ಮತ್ತು ಡಿವೈಸ್ ಅಧ್ಯಯನಗಳ ಬಗ್ಗೆ ಬಂದ 75 ಪೇಪರ್ ಒಟ್ಟಿಗೆ ನೋಡಿದ್ರು. ತಯಾರಕರೇ ಸ್ಪಾನ್ಸರ್ ಆಗಿದ್ದಲ್ಲಿ ಫಲಿತಾಂಶ ಅವರ ಕಡೆಗೆ ಬರೋದು ಸುಮಾರು 1.27 ಪಟ್ಟು ಜಾಸ್ತಿ, ತೀರ್ಮಾನದ ಪ್ಯಾರಾ ಅವರ ಕಡೆ ವಾಲೋದು 1.34 ಪಟ್ಟು ಜಾಸ್ತಿ. ಮಜಾ ಏನಂದ್ರೆ ಕಂಪನಿ ಅಧ್ಯಯನಗಳು ಕಳಪೆ ಅಲ್ಲ, ಬ್ಲೈಂಡಿಂಗ್ (ಯಾರಿಗೆ ಯಾವ ಚಿಕಿತ್ಸೆ ಅಂತ ಗೊತ್ತಾಗದ ಹಾಗೆ ಮುಚ್ಚಿಡೋದು) ಎಲ್ಲ ಬೇರೆಯವಕ್ಕಿಂತ ಚೆನ್ನಾಗೇ ಇತ್ತು, ಮಾಮೂಲಿ ಚೆಕ್‌ಲಿಸ್ಟ್ ಹಿಡ್ಕೊಂಡು ಹೋದ್ರೆ ತಪ್ಪು ಸಿಗಲ್ಲ. ತಪ್ಪು ಎಲ್ಲಿರ್ಬಹುದು ಅಂತ ಹುಡುಕೋಕೆ ಓದುಗನಿಗೆ ಉಳಿದಿರೋ ಒಂದೇ ದಾರಿ ಯಾರ ಕೈ ಎಲ್ಲೆಲ್ಲಿ ಆಡಿದೆ ಅನ್ನೋ ಆ ಎರಡು ಸಾಲು. ಅದನ್ನೂ ಅಳಿಸಿಬಿಟ್ರೆ?

ಬೆನ್ನುಮೂಳೆ ಕಥೆ ಗೊತ್ತಿರ್ಬೇಕು ನಿಮಗೆ, ಮೆಡ್‌ಟ್ರಾನಿಕ್‌ನ ಇನ್‌ಫ್ಯೂಸ್. ಮೂಳೆ ಬೆಳೆಸೋ ಪ್ರೋಟೀನ್, 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಕಂಪನಿ ಸ್ಪಾನ್ಸರ್ ಮಾಡಿದ 13 ಅಧ್ಯಯನ, ಪ್ರೋಟೀನ್ ಹಾಕಿಸ್ಕೊಂಡ 780 ರೋಗಿಗಳು, ಅದರಿಂದ ಆದ ತೊಂದರೆ ಅಂತ ಬರೆದಿದ್ದು ಸೊನ್ನೆ. 2011ರಲ್ಲಿ ಸ್ಪೈನ್ ಜರ್ನಲ್ ಒಂದು ಇಡೀ ಸಂಚಿಕೆನೇ ಇದಕ್ಕೆ ಮೀಸಲಿಟ್ಟು ಮತ್ತೆ ಲೆಕ್ಕ ಹಾಕಿದಾಗ ತೊಂದರೆ ಪ್ರಮಾಣ ಬಳಕೆ ಮೇಲೆ 10ರಿಂದ 50% ತನಕ ಬಂತು. 2012ರಲ್ಲಿ ಸೆನೆಟ್ ಕಮಿಟಿ ವರದಿ, ಕಂಪನಿ ಆ ಲೇಖಕರಿಗೆ 15 ವರ್ಷದಲ್ಲಿ ಸುಮಾರು 21 ಕೋಟಿ ಡಾಲರ್ ಕೊಟ್ಟಿತ್ತು ಅಂತ, ಕಂಪನಿ ಸಿಬ್ಬಂದಿ ಪೇಪರ್‌ಗಳನ್ನ ತಿದ್ದಿದ್ದೂ ಓದುಗರಿಗೆ ಹೇಳಿರಲಿಲ್ಲ ಅಂತ. ಕಂಪನಿ ನಾವು ತಪ್ಪು ಮಾಡಿಲ್ಲ ಅಂತು, ಅದನ್ನೂ ಹೇಳಿಬಿಡ್ತೀನಿ.

ವಾಚ್ ಕಟ್ಟೋದಕ್ಕೂ ಬೆನ್ನುಮೂಳೆಗೂ ಹೋಲಿಕೆ ಯಾಕೆ ಅಂತೀರಾ, ವಾಚ್ 118 ತೋರಿಸ್ತು ಅಂತ ಯಾರಾದ್ರೂ ಮಾತ್ರೆ ಬಿಟ್ರೆ ಆಗ ಗೊತ್ತಾಗುತ್ತೆ.

ನಡೀಲಿ_ಬಿಡಿ:

ಸರಿ ಸರಿ, ಪ್ರವಚನ ಸಾಕು 😅 ಮಾತ್ರೆ ಮಾತು ಒಪ್ಪಿದೆ. ಆದ್ರೂ ರಿಜೆಕ್ಟ್ ಆದ್ರೆ ಅನುಭವಿಸೋದು ಇವರು, ಗೈಡ್ ಅಲ್ಲ.

ಕಂಪನಿ_ಕಡೆಯವ:

ನಾನು ಡಿವೈಸ್ ಕಂಪನಿಯಲ್ಲೇ ಕ್ಲಿನಿಕಲ್ ವಿಭಾಗದಲ್ಲಿದ್ದೀನಿ (ನೋಡಿ, ನನ್ನ ಹಿತಾಸಕ್ತಿ ಹೇಳಿಬಿಟ್ಟೆ). ಮೇಲೆ ಹೇಳಿದ ಇನ್‌ಫ್ಯೂಸ್ ವಿಷಯದಲ್ಲಿ ಒಂದು ಸೇರಿಸ್ಬೇಕು, ಗಲಾಟೆ ಆದ್ಮೇಲೆ ಅದೇ ಕಂಪನಿ ಒಬ್ಬೊಬ್ಬ ರೋಗಿಯ ಡೇಟಾನೂ ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟು ಹೊರಗಿನವರ ಹತ್ರ ಮತ್ತೆ ಲೆಕ್ಕ ಹಾಕ್ಸಿತು, 2013ರಲ್ಲಿ ಎರಡು ಸ್ವತಂತ್ರ ವಿಶ್ಲೇಷಣೆ ಬಂತು, ಎರಡೂ ಕಂಪನಿಗೆ ಖುಷಿ ಕೊಡೋ ಹಾಗಿರಲಿಲ್ಲ. ಎಲ್ಲರನ್ನೂ ಕಳ್ಳರು ಅನ್ನೋದು ಬೇಡ ಅಂತ ಹೇಳ್ದೆ ಅಷ್ಟೇ.

ವಿಷಯಕ್ಕೆ ಬರ್ತೀನಿ. ಪುಕ್ಕಟೆ ಡಿವೈಸ್ ಬೆಂಬಲವೇ, ಎರಡು ಮಾತಿಲ್ಲ. ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಫಾರ್ಮ್ ನೋಡಿ, ಅದರಲ್ಲಿ ಈ ಕೆಲಸಕ್ಕೆ ಬಂದ ಧನಸಹಾಯ, ಸಾಮಗ್ರಿ, ಬರವಣಿಗೆ ಸಹಾಯ ಎಲ್ಲ ಒಟ್ಟಿಗೆ ಕೇಳ್ತಾರೆ, ಅದಕ್ಕೆ ಕಾಲಮಿತಿನೇ ಇಲ್ಲ, ಕೆಲಸದ ಯೋಚನೆ ಶುರುವಾದಾಗಿಂದ ಲೆಕ್ಕ. ಅದರ ಹೊರಗಿನದು, ಅಂದ್ರೆ ಭಾಷಣ, ಕನ್ಸಲ್ಟಿಂಗ್, ಪ್ರಯಾಣ, ಪೇಟೆಂಟ್, ಷೇರು ಇವೆಲ್ಲ ಹಿಂದಿನ 36 ತಿಂಗಳದ್ದು. ನಿಮ್ಮ ಗೈಡ್‌ನ ಎರಡು ಕಾರ್ಯಕ್ರಮ ಹೋದ ವರ್ಷದ್ದು ಅಂದ್ಮೇಲೆ ನೇರವಾಗಿ ಒಳಗೆ ಬಂತು. ಮತ್ತೆ ಇಂಜಿನಿಯರ್ ಆ ಕಂಪನಿ ನೌಕರ ಅನ್ನೋದು ಹೆಸರಿನ ಕೆಳಗೆ ವಿಳಾಸದಲ್ಲಿ ಇದ್ರೆ ಸಾಲದು, ಹಿತಾಸಕ್ತಿ ಸಾಲಿನಲ್ಲೂ ಬರೀಬೇಕು.

ಇನ್ನೊಂದು ವಿಷಯ, ಡಿವೈಸ್ ಕೊಡುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿರ್ತಾರೆ, ಅದನ್ನ ತೆಗೆದು ಓದಿ. ಪ್ರಕಟಣೆಗೆ ಮುಂಚೆ ಕಂಪನಿಗೆ ತೋರಿಸ್ಬೇಕು ಅಂತ ಇದ್ಯಾ, ತೋರಿಸೋದು ಅಷ್ಟೇನಾ ಅಥವಾ ಬೇಡ ಅನ್ನೋ ಹಕ್ಕೂ ಇದ್ಯಾ? ಬರೀ ಪೇಟೆಂಟ್ ಗುಟ್ಟು ಹೊರಗೆ ಹೋಗದಿರ್ಲಿ ಅಂತ ಒಂದಷ್ಟು ದಿನ ನೋಡೋಕೆ ಕೇಳೋದು ಮಾಮೂಲಿ. ತಡೆಯೋ ಹಕ್ಕು ಇದ್ರೆ ಅದನ್ನ ಪೇಪರ್‌ನಲ್ಲಿ ಹೇಳ್ಬೇಕು, ಇಲ್ಲದಿದ್ರೂ ಇಲ್ಲ ಅಂತ ಹೇಳ್ಬೇಕು, ಅದರಿಂದ ನಿಮ್ಮ ಪೇಪರ್‌ಗೇ ಬೆಲೆ ಬರೋದು.

"ಕಂಪನಿಯ ಸಹಕಾರಕ್ಕೆ ಧನ್ಯವಾದಗಳು" ಅಂತ ಕೃತಜ್ಞತೆ ಭಾಗದಲ್ಲಿ ಒಂದು ಸಾಲು ತುರುಕೋರು ಬಹಳ ಜನ. ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನಾಗಿದ್ರೆ ಹೀಗೆ ಬರೀತಿದ್ದೆ, ಬೇಕಾದ್ರೆ ತಿದ್ದಿಕೊಳ್ಳಿ:

"ಈ ಅಧ್ಯಯನಕ್ಕೆ ನಗದು ಧನಸಹಾಯ ಪಡೆದಿಲ್ಲ. ಪರೀಕ್ಷೆಗೆ ಬಳಸಿದ 6 ಸಾಧನಗಳನ್ನು ಮತ್ತು ಸಾಫ್ಟ್‌ವೇರ್ ಪರವಾನಗಿಯನ್ನು ತಯಾರಕ ಕಂಪನಿ ಉಚಿತವಾಗಿ ನೀಡಿದೆ. ಸೆನ್ಸರ್ ಡೇಟಾದಿಂದ ರಕ್ತದೊತ್ತಡ ಲೆಕ್ಕ ಹಾಕಿದ್ದು ಮೂರನೇ ಲೇಖಕರು, ಅವರು ಆ ಕಂಪನಿಯ ನೌಕರರು. ಅಧ್ಯಯನದ ರೂಪರೇಷೆ, ಅಂಕಿಅಂಶ ವಿಶ್ಲೇಷಣೆ ಮತ್ತು ಪ್ರಕಟಿಸುವ ನಿರ್ಧಾರದಲ್ಲಿ ಕಂಪನಿಯ ಪಾತ್ರವಿಲ್ಲ. ಮೊದಲ ಲೇಖಕರು ಪೂರ್ತಿ ಡೇಟಾವನ್ನು ನೋಡಿದ್ದಾರೆ."

ಕೊನೆಯ ಎರಡು ವಾಕ್ಯ ನಿಜ ಇದ್ರೆ ಮಾತ್ರ ಹಾಕಿ. ಚೆನ್ನಾಗಿ ಕಾಣುತ್ತೆ ಅಂತ ಕಾಪಿ ಮಾಡ್ಬೇಡಿ.

ಸೆನ್ಸರ್_ಸುಸ್ತು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿ_ವ್ಯಾಲ್ಯೂ ಸರ್ ಕೇಳಿದ್ದಕ್ಕೆ ಹೋಗಿ ಫೈಲ್ ತೆಗೆದು ನೋಡಿದೆ. ಒಟ್ಟು 612 ರೀಡಿಂಗ್, ಅದರಲ್ಲಿ 71 "ಕಡಿಮೆ ಗುಣಮಟ್ಟ" ಅಂತ ಹೋಗಿವೆ, ಬಹುಪಾಲು ಮೆಟ್ಟಿಲು ಹತ್ತಿದ ತಕ್ಷಣದ್ದೇ. ನಿಯಮ ಎಲ್ಲೂ ಬರೆದಿಲ್ಲ. ಇಂಜಿನಿಯರ್‌ಗೆ ನಾನೇ ಎರಡೂ ಕಾಲಂ ಇರೋ ಶೀಟ್ ಮೇಲ್ ಮಾಡಿದ್ದೀನಿ, ಅಂದ್ರೆ ಅವರಿಗೆ ಪಟ್ಟಿ ರೀಡಿಂಗ್ ಕಾಣಿಸ್ತಿತ್ತು. ಅವರು ಬೇಕಂತ ಮಾಡಿದ್ದಾರೆ ಅಂತ ನನಗೆ ಅನ್ಸಲ್ಲ, ಒಳ್ಳೇ ಮನುಷ್ಯ, ಆದ್ರೆ ಈಗ ಆ ಕೊನೆಯ ಎರಡು ವಾಕ್ಯ ಹಾಕೋಕೆ ಕೈ ಬರ್ತಿಲ್ಲ.

ಗೈಡ್ ಹತ್ರ ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ. ನಿನ್ನೆ ಬಾಯಿಬಿಟ್ಟೆ, "ನಾನೇನು ಲಂಚ ತಗೊಂಡಿದ್ದೀನಾ" ಅಂದ್ರು.

ಹಳೇ_ಕಮಿಟಿ:

ಎಲ್ಲರೂ ಹಾಗೇ ಅನ್ನೋದು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಆ ಕಾಲಂ ಇರೋದು ಲಂಚ ಬರೆಯೋಕಲ್ಲ, ಸಂಬಂಧ ಬರೆಯೋಕೆ. ಆದ್ರೆ ವಾದ ಮಾಡೋಕೆ ಹೋಗ್ಬೇಡಿ, ನೀವು ವಿದ್ಯಾರ್ಥಿ, ಗೆಲ್ಲಲ್ಲ.

ಫಾರ್ಮ್ ಕೈಯಲ್ಲಿ ಮಾತಾಡಿಸಿ. ಆ ಸಂಪಾದಕರ ಸಮಿತಿ ಫಾರ್ಮ್ ಒಬ್ಬೊಬ್ಬ ಲೇಖಕರೂ ತಮ್ಮ ತಮ್ಮದು ತುಂಬೋ ಥರ ಇದೆ. ಎಲ್ಲ ಲೇಖಕರಿಗೂ ಒಂದೇ ಮೇಲ್‌ನಲ್ಲಿ ಕಳಿಸಿ, "ಜರ್ನಲ್ ಕೇಳಿದೆ, ನನ್ನದು ತುಂಬಿ ಲಗತ್ತಿಸಿದ್ದೀನಿ, ನಿಮ್ಮದು ಕಳಿಸಿ" ಅಂತ ಅಷ್ಟೇ ಬರೀರಿ. ನಿಮ್ಮದರಲ್ಲಿ ಪುಕ್ಕಟೆ ಡಿವೈಸ್ ವಿಷಯ ಇರ್ಲಿ. ಅವರ ಫಾರ್ಮ್‌ನಲ್ಲಿ 36 ತಿಂಗಳು, ಪ್ರಯಾಣ ಖರ್ಚು ಅಂತ ಅಚ್ಚಾಗೇ ಇರುತ್ತೆ, ಪಕ್ಕದಲ್ಲಿ "ಇಲ್ಲ" ಅಂತ ಟಿಕ್ ಹಾಕಿ ತಮ್ಮ ಹೆಸರು ಬರೆಯೋಕೆ ಬಹಳ ಜನಕ್ಕೆ ಮನಸ್ಸು ಬರಲ್ಲ. ನೀವು ಅವರ ಪರವಾಗಿ ಮಾತ್ರ ಯಾವತ್ತೂ ತುಂಬ್ಬೇಡಿ.

ಪಿ_ವ್ಯಾಲ್ಯೂ_ಪುಟ್ಟ:

71 ರೀಡಿಂಗ್ ಇಟ್ಟುಕೊಂಡು ಒಂದು ಸಲ, ತೆಗೆದು ಒಂದು ಸಲ, ಎರಡೂ ಲೆಕ್ಕ ಪೇಪರ್‌ನಲ್ಲಿ ಹಾಕಿ. ಹೇಗೂ 9 ಜನ ಹೋಗ್ತಾರಲ್ಲ, ಉಳಿದ 25 ಜನರ ಮೇಲೆ. ಮೆಟ್ಟಿಲು ಹತ್ತಿದ ಮೇಲೆ ಡಿವೈಸ್ ಕೈ ಕೊಡುತ್ತೆ ಅನ್ನೋದೇ ನಿಮ್ಮ ಪೇಪರ್‌ನ ನಿಜವಾದ ಸುದ್ದಿ ಇರ್ಬಹುದು, ಅದನ್ನೇ ಬಿಸಾಕಿ ಕೂತಿದ್ದೀರಾ ಅನ್ಸುತ್ತೆ.

ಕುತೂಹಲ_ಕುಮಾರ:

ನಡುವೆ ಬಾಯಿ ಹಾಕ್ತಿದ್ದೀನಿ ಸಾರಿ. ಡಾಕ್ಟರ್ ಒಬ್ರು ಹೊಸ ಡಿವೈಸ್‌ನ ಚಿಕಿತ್ಸೆ ಅಂತಲೇ ರೋಗಿಗೆ ಹಾಕಿ, ಆಮೇಲೆ ಅದನ್ನೇ ಪೇಪರ್ ಮಾಡಿದ್ರೆ ಎಥಿಕ್ಸ್ ಬೇಡ ಅಲ್ವಾ? ಸಂಶೋಧನೆ ಅಲ್ವಲ್ಲ ಅದು.

ಹಳೇ_ಕಮಿಟಿ:

ಆ ವಾದ ಎಲ್ಲಿಗೆ ಮುಟ್ಟುತ್ತೆ ಅಂತ ಸ್ವೀಡನ್‌ನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯವರನ್ನ ಕೇಳಿ. 2011ರಿಂದ ಅಲ್ಲಿ ಮಕಿಯಾರಿನಿ ಅನ್ನೋ ಸರ್ಜನ್ ಮೂರು ಜನಕ್ಕೆ ಪ್ಲಾಸ್ಟಿಕ್ ಶ್ವಾಸನಾಳ ಹಾಕಿದ್ರು, ಇದು ಚಿಕಿತ್ಸೆ, ಸಂಶೋಧನೆ ಅಲ್ಲ ಅಂತ ಎಥಿಕ್ಸ್ ಅನುಮತಿ ಕೇಳಿರಲೇ ಇಲ್ಲ, ಆದ್ರೆ ಪೇಪರ್ ಮಾತ್ರ ದೊಡ್ಡ ಜರ್ನಲ್‌ನಲ್ಲಿ ಬಂತು. ಮೂರೂ ಜನ ತೀರಿಕೊಂಡ್ರು. ಪೇಪರ್‌ಗಳು ವಾಪಸ್ ಆದ್ವು, 2023ರಲ್ಲಿ ಮೇಲ್ಮನವಿ ಕೋರ್ಟು ಎರಡೂವರೆ ವರ್ಷ ಜೈಲು ಹಾಕಿತು. ಒಬ್ಬ ರೋಗಿಯ ಕೇಸ್ ರಿಪೋರ್ಟ್ ಬರೆಯೋದಕ್ಕೆ ಬೇರೆ ನಿಯಮ ಇರುತ್ತೆ, ಅದು ನಿಮ್ಮ ಕಮಿಟಿನೇ ಕೇಳಿ ತಿಳ್ಕೊಳ್ಳಿ, ಆದ್ರೆ ಮೂರು ಜನಕ್ಕೆ ಹೊಸದೊಂದನ್ನ ಹಾಕಿ ಫಲಿತಾಂಶ ನೋಡ್ತಿದ್ದೀರಿ ಅಂದ್ರೆ ಅದು ಸಂಶೋಧನೆನೇ.

ಸೆನ್ಸರ್_ಸುಸ್ತು:

ಹತ್ತು ದಿನ ಆದ್ಮೇಲೆ ಬರ್ತಿದ್ದೀನಿ, ಏನಾಯ್ತು ಅಂತ ಹೇಳ್ಬೇಕಲ್ಲ.

ಫಾರ್ಮ್ ಮೇಲ್ ಮಾಡಿದೆ. ಇಂಜಿನಿಯರ್ ಅವತ್ತೇ ತುಂಬಿ ಕಳಿಸಿದ್ರು, ಜೊತೆಗೆ 71 ರೀಡಿಂಗ್ ಯಾಕೆ ತೆಗೆದೆ ಅಂತ ಒಂದು ಪುಟ ಬರೆದೂ ಕಳಿಸಿದ್ರು, ನಾನು ಕೇಳೇ ಇರಲಿಲ್ಲ. ಗೈಡ್ ಐದು ದಿನ ಏನೂ ಹೇಳ್ಲಿಲ್ಲ. ಆರನೇ ದಿನ ಫಾರ್ಮ್ ಬಂತು, ಎರಡೂ ಕಾರ್ಯಕ್ರಮ ತಾರೀಖು ಸಮೇತ ಹಾಕಿದ್ದಾರೆ, ಜೊತೆಗೆ ನನಗೆ ಗೊತ್ತೇ ಇಲ್ಲದ ಮೂರನೇದೊಂದು ಕೂಡ.

ಕಮಿಟಿಗೆ ಪತ್ರ ಹೋಯ್ತು, ಸಹಿ ಗೈಡ್‌ದೇ. ಅವರ ಉತ್ತರ ಇವತ್ತು ಬಂತು, 9 ಜನರ ಡೇಟಾ ಬಳಸೋ ಹಾಗಿಲ್ಲ, ಉಳಿದ 25 ಜನರಿಗೆ ಏನು ನಡೀತು ಅಂತ ಒಬ್ಬೊಬ್ಬರಿಗೂ ತಿಳಿಸಿ ಮತ್ತೆ ಒಪ್ಪಿಗೆ ಕೇಳ್ಬೇಕಂತೆ, ಬೇಡ ಅಂದೋರದ್ದು ಅಳಿಸ್ಬೇಕಂತೆ, ಆಮೇಲೆ ಅವರು ಇನ್ನೊಮ್ಮೆ ನೋಡಿ ಹೇಳ್ತಾರಂತೆ. ಜರ್ನಲ್‌ಗೆ ಪೇಪರ್ ಸದ್ಯಕ್ಕೆ ವಾಪಸ್ ತಗೊಳ್ತೀವಿ ಅಂತ ಬರೆದೆ.

ನಾಳೆಯಿಂದ 25 ಫೋನು. ಮೊದಲನೇ ಫೋನ್‌ನಲ್ಲಿ ಏನಂತ ಶುರು ಮಾಡೋದು ಅಂತ ಯಾರಾದ್ರೂ ಹೇಳ್ತೀರಾ?